ಕೀವಿನ ಬ್ಯಾಂಡೇಜಿನಲ್ಲಿ ಡಿಎನ್‌ಎ ಕಂಡವನು

ಡಿಎನ್‌ಎ ಕಂಡುಹಿಡಿದವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಇದು ಯೋಚಿಸುವ ಪ್ರಶ್ನೆಯೇ ಅಲ್ಲ. ವಾಟ್ಸನ್ ಮತ್ತು ಕ್ರಿಕ್ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆದರೆ ಅವರಿಬ್ಬರು 1953ರಲ್ಲಿ ತಿಳಿಸಿದ್ದು ಡಿಎನ್‌ಎಯ ರಚನೆ ಹೇಗಿದೆ ಎಂಬುದನ್ನು. ಆ ವಸ್ತುವನ್ನು ಜೀವಕೋಶದಿಂದ ಮೊದಲ ಬಾರಿಗೆ ಬೇರ್ಪಡಿಸಿದ್ದು ಅದಕ್ಕೂ 84 ವರ್ಷ ಮೊದಲು, 1869ರಲ್ಲಿ. ಬೇರ್ಪಡಿಸಿದವನಿಗೆ ಆಗ 24 ವರ್ಷ. ಡಾಕ್ಟರ್ ಪದವಿ ಇತ್ತು, ಡಾಕ್ಟರಿಕೆ ಮಾಡುವ ಧೈರ್ಯ ಇರಲಿಲ್ಲ. ಅವನ ಕಚ್ಚಾ ವಸ್ತು ಆಸ್ಪತ್ರೆಯವರು ಬಿಸಾಡುತ್ತಿದ್ದ ಕೀವಿನ ಬ್ಯಾಂಡೇಜು. ಸಲಕರಣೆ ಹಂದಿಯ ಜಠರದಿಂದ ತೆಗೆದ ರಸ. ಹೆಸರು ಫ್ರೆಡ್ರಿಕ್ ಮೀಷರ್.

ಈತನ ಬದುಕನ್ನು ನಾನು ಹುಡುಕಿ ಓದಿದ್ದಕ್ಕೆ ಕಾರಣವಿದೆ. ನಾನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯವನು. ಬಿ.ಎಸ್‌ಸಿ. ಮುಗಿಸಿ ಮೂರು ವರ್ಷವಾಯಿತು. ರಾಣೆಬೆನ್ನೂರಿನಲ್ಲಿ ಬೀಜ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಹಂಗಾಮಿ ಕೆಲಸ. ಭಾನುವಾರ ಹಾವೇರಿಯಲ್ಲಿ ಕೋಚಿಂಗ್. ಬರೆದ ನೇಮಕಾತಿ ಪರೀಕ್ಷೆಯೊಂದರ ಅಂತಿಮ ಪಟ್ಟಿಗಾಗಿ ಒಂದೂವರೆ ವರ್ಷದಿಂದ ಕಾಯುತ್ತಿದ್ದೇನೆ. ರಾಣೆಬೆನ್ನೂರು ಸುತ್ತಿನ ರೈತರು ಹತ್ತಿ, ತರಕಾರಿಯ ಹೂವುಗಳನ್ನು ಕೈಯಿಂದ ಪರಾಗಸ್ಪರ್ಶ ಮಾಡಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಆ ಬೀಜ ನಿಜವಾಗಿಯೂ ಹೇಳಿದ ತಾಯಿ-ತಂದೆಯದೇ ಹೌದೇ ಎಂದು ನೋಡಲು ಸಸಿಯ ಎಲೆ ಅರೆದು ಡಿಎನ್‌ಎ ತೆಗೆಯುತ್ತೇವೆ. ಮೊದಲು ಪ್ರೋಟೀನ್ ಹೋಗಬೇಕು, ಆಮೇಲೆ ಉಳಿದದ್ದು ಎಂದು ನಮ್ಮ ಸೀನಿಯರ್ ದಿನಾ ಹೇಳುತ್ತಾರೆ. ಅದಕ್ಕೆ ಕೆಲವು ವಿಧಾನಗಳಲ್ಲಿ ಕ್ಲೋರೊಫಾರ್ಮ್ ಬಳಸುತ್ತಾರೆ, ಇನ್ನು ಕೆಲವುದರಲ್ಲಿ ಕಿಣ್ವ. ಈ ಪಾಠ ಎಲ್ಲಿಂದ ಶುರುವಾಯಿತು ಎಂದು ಹಿಂದೆ ಹಿಂದೆ ಹೋದಾಗ ಸಿಕ್ಕವನು ಮೀಷರ್.

ಕೇಳದ ಕಿವಿ, ಕೈತಪ್ಪಿದ ಡಾಕ್ಟರಿಕೆ

ಮೀಷರ್ ಹುಟ್ಟಿದ್ದು 1844ರ ಆಗಸ್ಟ್ 13ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ತಂದೆ ವೈದ್ಯರು, ಪ್ರಾಧ್ಯಾಪಕರು. ಸೋದರಮಾವ ವಿಲ್ಹೆಲ್ಮ್ ಹಿಸ್ ಆ ಕಾಲದ ಹೆಸರಾಂತ ಅಂಗರಚನಾ ಶಾಸ್ತ್ರಜ್ಞರು. ಹುಡುಗ ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು. ಚಿಕ್ಕಂದಿನಲ್ಲಿ ಕಿವಿಗೆ ಸೋಂಕು ತಗುಲಿ ಕೇಳಿಸುವುದು ಕಡಿಮೆಯಾಗಿತ್ತು. ವೈದ್ಯಕೀಯ ಓದುವಾಗ ಟೈಫಾಯ್ಡ್ ಬಂದು ನಡುವೆ ಓದು ನಿಂತಿತು. ಅಂತೂ 1868ರಲ್ಲಿ ಪದವಿ ಕೈಗೆ ಬಂತು. ಆದರೆ ರೋಗಿಯ ಎದೆಬಡಿತ ಸರಿಯಾಗಿ ಕೇಳಿಸದವನು ವೈದ್ಯವೃತ್ತಿ ಮಾಡುವುದು ಹೇಗೆ?

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮನೆಯ ಮಾತು ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಇಷ್ಟು ಓದಿಸಿದ್ದು ಯಾತಕ್ಕೆ ಎಂಬಲ್ಲಿಂದ ಶುರುವಾಗಿ, ಕಾಕಾನ ಮಗ ಯಾವ ಇಲಾಖೆಯಲ್ಲಿ ಇದ್ದಾನೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೀಷರ್‌ಗೆ ದಾರಿ ತೋರಿಸಲು ಸೋದರಮಾವ ಇದ್ದರು. ದೇಹದ ಅಂಗಾಂಶಗಳು ಹೇಗೆ ಬೆಳೆಯುತ್ತವೆ ಎಂಬ ಪ್ರಶ್ನೆಗೆ ಕೊನೆಯ ಉತ್ತರ ರಸಾಯನಶಾಸ್ತ್ರದಿಂದಲೇ ಬರಬೇಕು ಎಂದು ಹಿಸ್ ನಂಬಿದ್ದರು. ಅಳಿಯನನ್ನು ಆ ಕಡೆಗೆ ತಿರುಗಿಸಿದರು. ಕಿವಿಯಿಂದ ಆಗದ ಕೆಲಸವನ್ನು ಕಣ್ಣು ಮತ್ತು ಕೈಯಿಂದ ಮಾಡಲು ಮೀಷರ್ ಹೊರಟ.

ಕೋಟೆಯ ಅಡುಗೆಮನೆಯಲ್ಲಿ ಲ್ಯಾಬ್

1868ರಲ್ಲಿ ಆತ ಜರ್ಮನಿಯ ಟ್ಯೂಬಿಂಗನ್‌ಗೆ ಬಂದ. ಗುಡ್ಡದ ಮೇಲೆ ಹಳೆಯ ಕೋಟೆ, ಅದರೊಳಗೆ ಫೆಲಿಕ್ಸ್ ಹೊಪ್ಪೆ-ಸೈಲರ್ ಅವರ ಪ್ರಯೋಗಾಲಯ. ರಕ್ತದ ಕೆಂಪಿಗೆ ಹಿಮೋಗ್ಲೋಬಿನ್ ಎಂಬ ಹೆಸರು ಕೊಟ್ಟವರು ಇವರೇ. ಮೀಷರ್‌ಗೆ ಸಿಕ್ಕ ಜಾಗ ಕೋಟೆಯ ಹಳೆಯ ಅಡುಗೆಮನೆ. ಕಮಾನಿನ ಛಾವಣಿ, ದಪ್ಪ ಗೋಡೆ, ಒಳಗೆ ತಣ್ಣನೆಯ ಗಾಳಿ.

ಜೀವಕೋಶ ಯಾವುದರಿಂದ ಆಗಿದೆ ಎಂದು ತಿಳಿಯುವುದು ಆತನ ಗುರಿ. ಅದಕ್ಕೆ ಆದಷ್ಟು ಸರಳವಾದ ಕೋಶ ಬೇಕು. ಬಿಳಿ ರಕ್ತಕಣವಾದರೆ ಒಳ್ಳೆಯದು. ದುಗ್ಧಗ್ರಂಥಿಗಳಿಂದ ತೆಗೆಯಲು ನೋಡಿದ. ಪರೀಕ್ಷೆಗೆ ಸಾಲುವಷ್ಟು ಸಿಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಊರಿನ ಶಸ್ತ್ರಚಿಕಿತ್ಸಾ ಆಸ್ಪತ್ರೆ. ಗಾಯವನ್ನು ಕ್ರಿಮಿನಾಶಕದಿಂದ ತೊಳೆಯುವ ಪದ್ಧತಿ ಆಗಿನ್ನೂ ಎಲ್ಲ ಕಡೆ ಬಂದಿರಲಿಲ್ಲ. ಗಾಯಗಳು ಕೀವುಗಟ್ಟುತ್ತಿದ್ದವು, ಬ್ಯಾಂಡೇಜುಗಳು ರಾಶಿ ಬೀಳುತ್ತಿದ್ದವು. ಕೀವು ಎಂದರೆ ಬಹುಪಾಲು ಬಿಳಿ ರಕ್ತಕಣಗಳೇ. ಬೇರೆಯವರು ಮೂಗು ಮುಚ್ಚಿಕೊಂಡು ಎಸೆಯುವುದನ್ನು ಮೀಷರ್ ಕೇಳಿ ತರಿಸಿಕೊಂಡ. ಕೊಳೆತು ಹೋದದ್ದನ್ನು ಬೇರೆ ಇಟ್ಟು, ಒಳ್ಳೆಯದನ್ನಷ್ಟೇ ಆರಿಸಿ ತೊಳೆದ.

ತೊಳೆಯುವುದೂ ಸುಲಭವಿರಲಿಲ್ಲ. ಕೆಲವು ಉಪ್ಪಿನ ನೀರಿನಲ್ಲಿ ಕೋಶಗಳು ಊದಿ ಲೋಳೆಯಾಗುತ್ತಿದ್ದವು. ಒಂದೊಂದನ್ನೇ ಪ್ರಯತ್ನಿಸಿ ಕೊನೆಗೆ ಸೋಡಿಯಂ ಸಲ್ಫೇಟಿನ ದ್ರಾವಣ ಸರಿಹೊಂದುತ್ತದೆ ಎಂದು ಕಂಡುಕೊಂಡ. ಹೀಗೆ ಸಿಕ್ಕ ಕೋಶಗಳಿಂದ ತೆಗೆದ ದ್ರಾವಣಕ್ಕೆ ಆಮ್ಲ ಹಾಕಿದರೆ ಏನೋ ಒಂದು ಕೆಳಗೆ ಕೂರುತ್ತಿತ್ತು. ಕ್ಷಾರ ಹಾಕಿದರೆ ಮತ್ತೆ ಕರಗುತ್ತಿತ್ತು. ಅದುವರೆಗೆ ತಿಳಿದಿದ್ದ ಪ್ರೋಟೀನ್‌ಗಳ ನಡವಳಿಕೆಗೆ ಇದು ಹೊಂದಲಿಲ್ಲ. ಕೋಶದ ನಡುವೆ ಇರುವ ನ್ಯೂಕ್ಲಿಯಸ್‌ನಿಂದಲೇ ಇದು ಬರುತ್ತಿರಬಹುದು ಎಂದು ಅನುಮಾನ ಬಂತು. ಆದರೆ ಅನುಮಾನ ಪುರಾವೆಯಲ್ಲ. ನ್ಯೂಕ್ಲಿಯಸ್ ಮಾತ್ರ ಉಳಿದು ಅದರ ಸುತ್ತಲಿನದೆಲ್ಲ ಹೋಗಬೇಕು.

ಹಂದಿಯ ಜಠರ ಕೇಳಿದ ಪ್ರಶ್ನೆ

ಇಲ್ಲಿ ಬರುತ್ತದೆ ಕಿಣ್ವದ ಕೆಲಸ. ವಿಜ್ಞಾನ ಓದದವರಿಗೂ ಇದು ಗೊತ್ತಿರುವ ವಿಷಯವೇ. ಜೋಳದ ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಗಟ್ಟಿ ಮಾಂಸಕ್ಕೆ ಹಸಿ ಪಪ್ಪಾಯಿ ಹೋಳು ಹಾಕಿದರೆ ಬೇಗ ಮೆತ್ತಗಾಗುತ್ತದೆ; ಪಪ್ಪಾಯಿಯ ಹಾಲಿನಲ್ಲಿರುವ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಪಿಷ್ಟ ಒಡೆಯುವುದು ಪ್ರೋಟೀನ್ ಮುಟ್ಟುವುದಿಲ್ಲ, ಪ್ರೋಟೀನ್ ಒಡೆಯುವುದು ಪಿಷ್ಟ ಮುಟ್ಟುವುದಿಲ್ಲ. ಹಾಗಾಗಿ ಕಿಣ್ವವೆಂದರೆ ವಸ್ತುವಿಗೆ ಹಾಕುವ ಒಂದು ನೇರ ಪ್ರಶ್ನೆ. ನೀನು ಪ್ರೋಟೀನೇ? ಹೌದಾದರೆ ಕರಗುತ್ತದೆ, ಅಲ್ಲವಾದರೆ ಉಳಿಯುತ್ತದೆ.

ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಎಂಬ ಕಿಣ್ವ ಜಠರದಲ್ಲಿದೆ ಎಂದು 1836ರಲ್ಲೇ ಥಿಯೋಡರ್ ಶ್ವಾನ್ ತೋರಿಸಿದ್ದರು. ಮೀಷರ್ ಹಂದಿಯ ಜಠರವನ್ನು ತಂದು, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು, ಆ ನೀರನ್ನು ತಿಳಿಯಾಗುವ ತನಕ ಸೋಸಿ ತಾನೇ ಪೆಪ್ಸಿನ್ ದ್ರಾವಣ ಮಾಡಿಕೊಂಡ. ಮೊದಲು ಕೀವಿನ ಕೋಶಗಳನ್ನು ಬೆಚ್ಚನೆಯ ಆಲ್ಕೋಹಾಲಿನಲ್ಲಿ ತೊಳೆದು ಕೊಬ್ಬು ತೆಗೆದ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಣಸಿನಕಾಯಿಯಿಂದ ಓಲಿಯೊರೆಸಿನ್ ತೆಗೆಯುವ ಘಟಕಗಳಲ್ಲೂ ದ್ರಾವಕ ಹಾಕಿ ಬಣ್ಣವನ್ನು ಎಳೆದುಕೊಂಡು ಸಿಪ್ಪೆ ಬಿಡುತ್ತಾರೆ. ಮೀಷರ್‌ಗೆ ಬೇಕಾದದ್ದು ಎಳೆದು ಹೊರಬಂದದ್ದಲ್ಲ, ಹಿಂದೆ ಉಳಿದದ್ದು ಅಷ್ಟೆ.

ಆಮೇಲೆ ಆ ಕೋಶಗಳನ್ನು ಪೆಪ್ಸಿನ್ ದ್ರಾವಣದಲ್ಲಿ ಹಾಕಿ 37ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು ಒಂದು ದಿನ ಇಟ್ಟ. ಕೋಶದ ಮೈಯ ಪ್ರೋಟೀನ್ ಜೀರ್ಣವಾಗಿ ಹೋಯಿತು. ತಳದಲ್ಲಿ ಬೂದುಬಣ್ಣದ ನುಣ್ಣನೆಯ ಪುಡಿ ಕೂತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ನ್ಯೂಕ್ಲಿಯಸ್‌ಗಳು. ಅವುಗಳನ್ನು ಕ್ಷಾರದಲ್ಲಿ ಕರಗಿಸಿ ಆಮ್ಲ ಹಾಕಿದಾಗ ಅದೇ ಹಳೆಯ ವಸ್ತು ಕೆಳಗೆ ಕೂತಿತು. ಇನ್ನಷ್ಟು ಪೆಪ್ಸಿನ್ ಹಾಕಿದರೂ ಅದು ಜಗ್ಗಲಿಲ್ಲ. ಸುಟ್ಟು ವಿಶ್ಲೇಷಿಸಿದರೆ ಪ್ರೋಟೀನ್‌ಗಳಲ್ಲಿ ಕಾಣದಷ್ಟು ರಂಜಕ. ಹಾಗಾದರೆ ಇದು ಪ್ರೋಟೀನ್ ಅಲ್ಲ, ಕೊಬ್ಬೂ ಅಲ್ಲ. ನ್ಯೂಕ್ಲಿಯಸ್‌ನಲ್ಲಿ ಸಿಕ್ಕಿದ್ದರಿಂದ ನ್ಯೂಕ್ಲೀನ್ ಎಂದು ಹೆಸರಿಟ್ಟ. ಡಿಎನ್‌ಎ ಎಂಬ ಮೂರಕ್ಷರದ ನಡುವಿನ ಎನ್, ನ್ಯೂಕ್ಲಿಯಿಕ್ ಎಂಬುದರ ಮೊದಲಕ್ಷರ, ಇಂದಿಗೂ ಆ ಅಡುಗೆಮನೆಯನ್ನು ನೆನಪಿಸುತ್ತದೆ.

ಗುರುವೇ ತಡೆದ ಪ್ರಬಂಧ

1869ರಲ್ಲೇ ಮೀಷರ್ ಟ್ಯೂಬಿಂಗನ್ ಬಿಟ್ಟು ಲೈಪ್‌ಜಿಗ್‌ಗೆ ಹೋದ. ಅಲ್ಲಿ ಕೂತು ಪ್ರಬಂಧ ಬರೆದು ವರ್ಷದ ಕೊನೆಗೆ ಗುರುವಿಗೆ ಕಳಿಸಿದ. ಗುರುಗಳು ಕೂಡಲೇ ಅಚ್ಚಿಗೆ ಕೊಡಲಿಲ್ಲ. ಹೊಸ ವಸ್ತುವೊಂದು ಸಿಕ್ಕಿದೆ ಎಂಬ ದೊಡ್ಡ ಮಾತನ್ನು ತಮ್ಮ ಪತ್ರಿಕೆಯಲ್ಲಿ ಹಾಕುವ ಮೊದಲು ತಾವೇ ಪ್ರಯೋಗ ಮಾಡಿ ನೋಡಬೇಕು ಎಂದರು. ಕೀವು ತರಿಸಿದರು, ತೊಳೆದರು, ಪೆಪ್ಸಿನ್ ಹಾಕಿದರು. ಮೊದಲಿನಿಂದ ಕೊನೆಯ ತನಕ ಎಲ್ಲವನ್ನೂ ಮತ್ತೆ ಮಾಡಿದರು. ನಡುವೆ 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಯುದ್ಧ ಶುರುವಾಯಿತು. ಯಾರಾದರೂ ತನಗಿಂತ ಮೊದಲು ಪ್ರಕಟಿಸಿಬಿಟ್ಟರೆ ಎಂದು ಮೀಷರ್ ಚಡಪಡಿಸಿದ. ಪ್ರಬಂಧ ಅಚ್ಚಾದದ್ದು 1871ರಲ್ಲಿ.

ಇದನ್ನು ಓದುವಾಗ ನನ್ನ ಸಿಟ್ಟು ಮೊದಲು ಗುರುವಿನ ಮೇಲೇ ಇತ್ತು. ಕಾಯುವವರಿಗೆ ಕಾಯಿಸುವವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಮುಂದಿನದು ನೋಡಿ. ಅದೇ ಸಂಚಿಕೆಯಲ್ಲಿ ಹೊಪ್ಪೆ-ಸೈಲರ್ ತಮ್ಮದೇ ಪ್ರಬಂಧವನ್ನೂ ಸೇರಿಸಿ, ಶಿಷ್ಯ ಕಂಡದ್ದು ನಿಜ ಎಂದು ಖಾತ್ರಿಪಡಿಸಿದರು. ಕಂಡುಹಿಡಿದ ಕೀರ್ತಿಯನ್ನು ತಮ್ಮ ಹೆಸರಿಗೆ ಎಳೆದುಕೊಳ್ಳಲಿಲ್ಲ. ಅವರ ಇನ್ನೊಬ್ಬ ಶಿಷ್ಯ ಹಕ್ಕಿ ಮತ್ತು ಹಾವಿನ ರಕ್ತಕಣಗಳ ನ್ಯೂಕ್ಲಿಯಸ್‌ನಲ್ಲೂ ಅದೇ ವಸ್ತು ಇದೆ ಎಂದು ತೋರಿಸಿದ. 24ರ ಹುಡುಗನ ಮಾತಿಗೆ ಹೀಗೆ ಬೇರೆಯವರ ಸಾಕ್ಷಿಯೂ ಸಿಕ್ಕಿತು. ತಡವಾಗುವುದರಲ್ಲಿ ಎರಡು ಬಗೆ. ಕಡತ ಮೂಲೆಯಲ್ಲಿ ಬಿದ್ದು ತಡವಾಗುವುದು ಒಂದು. ಯಾರೋ ಕೂತು ನಿಜವಾಗಿ ಪರೀಕ್ಷಿಸುವುದರಿಂದ ತಡವಾಗುವುದು ಇನ್ನೊಂದು. ಮೊದಲನೆಯದನ್ನು ಪ್ರಶ್ನಿಸಲೇಬೇಕು. ಎರಡನೆಯದಕ್ಕೆ ಹೆದರಬೇಕಿಲ್ಲ.

ರೈನ್ ನದಿಯ ಮೀನು

ಮೀಷರ್ ಊರಿಗೆ ಮರಳಿದ. 1872ರಲ್ಲಿ, 28ನೇ ವಯಸ್ಸಿಗೆ, ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ಶಾಸ್ತ್ರದ ಪ್ರಾಧ್ಯಾಪಕನಾದ. ಕೀವಿನ ಬದಲಿಗೆ ಅಲ್ಲಿ ಬೇರೊಂದು ಸಾಮಗ್ರಿ ಸಿಕ್ಕಿತು. ನಮ್ಮ ರಾಣೆಬೆನ್ನೂರಿಗೆ ತುಂಗಭದ್ರೆ ಇದ್ದಂತೆ ಬಾಸೆಲ್‌ಗೆ ರೈನ್ ನದಿ. ಸಮುದ್ರದಿಂದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಆ ನದಿಯನ್ನು ಹತ್ತಿ ಬರುತ್ತಿದ್ದವು. ಗಂಡುಮೀನಿನ ವೀರ್ಯಾಣುವಿನ ತಲೆ ಎಂದರೆ ಹೆಚ್ಚುಕಡಿಮೆ ಬರೀ ನ್ಯೂಕ್ಲಿಯಸ್. ನ್ಯೂಕ್ಲೀನ್ ತೆಗೆಯಲು ಇದಕ್ಕಿಂತ ಶುದ್ಧ ಮೂಲ ಎಲ್ಲಿ ಸಿಗಬೇಕು?

ಆದರೆ ಬೆಚ್ಚಗಿದ್ದರೆ ವಸ್ತು ಕೆಡುತ್ತದೆ. ಫ್ರಿಜ್ ಇಲ್ಲದ ಕಾಲ. ಹಾಗಾಗಿ ಮೀಷರ್ ಚಳಿಗಾಲದಲ್ಲಿ, ನಸುಕಿಗೂ ಮೊದಲೇ ಎದ್ದು, ಬೆಂಕಿ ಹಾಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಈ ದುಡಿಮೆಯಿಂದ ಇನ್ನೊಂದು ವಸ್ತುವೂ ಸಿಕ್ಕಿತು. ನ್ಯೂಕ್ಲೀನ್ ಆಮ್ಲದ ಗುಣದ್ದು. ಅದಕ್ಕೆ ಅಂಟಿಕೊಂಡು ಕ್ಷಾರಗುಣದ ಪದಾರ್ಥವೊಂದಿತ್ತು. ಅದಕ್ಕೆ ಪ್ರೋಟಮೀನ್ ಎಂದು ಹೆಸರಿಟ್ಟು 1874ರಲ್ಲಿ ಪ್ರಕಟಿಸಿದ. ಅದು ವೀರ್ಯಾಣುವಿನಲ್ಲಿ ಡಿಎನ್‌ಎಯನ್ನು ಒತ್ತಾಗಿ ಸುತ್ತಿಡುವ ಪ್ರೋಟೀನ್ ಎಂದು ಇಂದು ಗೊತ್ತಿದೆ.

ಈ ಎಲ್ಲದರ ನಡುವೆ ಸಂಸಾರ, ಪಾಠ, ಸರ್ಕಾರ ಒಪ್ಪಿಸಿದ ಕೆಲಸ. ಸೆರೆಮನೆಯ ಕೈದಿಗಳಿಗೆ ಕೊಡುವ ಊಟ ಸಾಕೇ ಎಂದು ವರದಿ ಕೊಡುವುದೂ ಆತನ ಪಾಲಿಗೆ ಬಂತು. 1885ರಲ್ಲಿ ಬಾಸೆಲ್‌ನಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಗಾಗಿ ವೆಸಾಲಿಯಾನುಮ್ ಎಂಬ ಸಂಸ್ಥೆ ಕಟ್ಟಿಸಿದ. ನಿದ್ದೆ ಕಡಿಮೆ, ದುಡಿಮೆ ಜಾಸ್ತಿ. ಕ್ಷಯ ಹಿಡಿಯಿತು. ದಾವೋಸ್‌ನ ಆರೋಗ್ಯಧಾಮಕ್ಕೆ ಹೋಗಬೇಕಾಯಿತು. 1895ರ ಆಗಸ್ಟ್ 26ರಂದು ತೀರಿಕೊಂಡಾಗ ಆತನಿಗೆ 51 ವರ್ಷ. ಎರಡು ವರ್ಷದ ನಂತರ ಸೋದರಮಾವ ಹಿಸ್ ಮತ್ತಿತರರು ಆತನ ಬರಹಗಳನ್ನು ಸೇರಿಸಿ ಪುಸ್ತಕ ಮಾಡಿದರು.

ಉಳಿದದ್ದೇ ಉತ್ತರ

ಇಲ್ಲಿ ಒಂದು ವಿಚಿತ್ರವಿದೆ. ತಾನು ಬೇರ್ಪಡಿಸಿದ್ದು ಏನು ಎಂದು ಮೀಷರ್‌ಗೂ ಪೂರ್ತಿ ತಿಳಿದಿರಲಿಲ್ಲ. ಗರ್ಭಧಾರಣೆಗೆ ಒಂದೇ ಒಂದು ವಸ್ತು ಕಾರಣವೆನ್ನುವುದಾದರೆ ನ್ಯೂಕ್ಲೀನನ್ನೇ ಮೊದಲು ನೋಡಬೇಕು ಎಂಬಲ್ಲಿಯವರೆಗೆ 1874ರಲ್ಲೇ ಬಂದಿದ್ದ. ಆದರೆ ಬೇರೆ ಬೇರೆ ಪ್ರಾಣಿಗಳ ನಡುವಿನ ಅಷ್ಟೊಂದು ವ್ಯತ್ಯಾಸಕ್ಕೆ ಅದೊಂದೇ ಸಾಲದು ಅನ್ನಿಸಿ ಹಿಂದೆ ಸರಿದ. ಅಕ್ಷರಗಳು ಕೆಲವೇ ಇದ್ದರೂ ಪದಗಳು ಲೆಕ್ಕವಿಲ್ಲದಷ್ಟು ಆಗುವಂತೆ, ದೊಡ್ಡ ಅಣುಗಳ ಒಳಗಿನ ಸಣ್ಣ ಬದಲಾವಣೆಗಳೇ ವಂಶದ ವೈವಿಧ್ಯವನ್ನು ಹೇಳಬಲ್ಲವು ಎಂದು 1892ರಲ್ಲಿ ಮಾವನಿಗೆ ಬರೆದ. ಆ ಅಕ್ಷರಗಳನ್ನು ಹುಡುಕಿದ್ದು ಮಾತ್ರ ಪ್ರೋಟೀನ್‌ಗಳಲ್ಲಿ.

ಆತ ಹಿಡಿದ ದಾರಿಯನ್ನು ಬೇರೆಯವರು ಮುಂದುವರಿಸಿದರು. 1881ರಲ್ಲಿ ಎಡ್ವರ್ಡ್ ಜಕಾರಿಯಾಸ್ ಸೂಕ್ಷ್ಮದರ್ಶಕದ ಕೆಳಗೇ ಪೆಪ್ಸಿನ್ ಪ್ರಯೋಗ ಮಾಡಿ, ನ್ಯೂಕ್ಲಿಯಸ್‌ನಲ್ಲಿ ಬಣ್ಣ ಹಿಡಿಯುವ ಭಾಗ ಜೀರ್ಣವಾಗದೆ ಉಳಿಯುತ್ತದೆ, ನ್ಯೂಕ್ಲೀನ್‌ನಂತೆಯೇ ವರ್ತಿಸುತ್ತದೆ ಎಂದು ತೋರಿಸಿದರು. ಅದೇ ಭಾಗದ ಎಳೆಗಳಿಗೆ 1888ರಲ್ಲಿ ಕ್ರೋಮೊಸೋಮ್, ಅಂದರೆ ವರ್ಣತಂತು ಎಂಬ ಹೆಸರು ಬಂತು. 1884ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ನ್ಯೂಕ್ಲಿಯಸ್‌ನಲ್ಲಿ ಹಿಸ್ಟೋನ್ ಎಂಬ ಪ್ರೋಟೀನ್ ಕಂಡರು. ಮುಂದೆ 1910ರಲ್ಲಿ ಅವರಿಗೆ ನೊಬೆಲ್ ಬಂತು. 1889ರಲ್ಲಿ ರಿಚರ್ಡ್ ಆಲ್ಟ್‌ಮನ್ ಪ್ರೋಟೀನ್ ಪೂರ್ತಿ ತೆಗೆದ ನ್ಯೂಕ್ಲೀನನ್ನು ನ್ಯೂಕ್ಲಿಯಿಕ್ ಆಮ್ಲ ಎಂದು ಕರೆದರು.

ಗಟ್ಟಿ ಪುರಾವೆ ಬಂದದ್ದು 1944ರಲ್ಲಿ, ಅಮೆರಿಕದ ಆಸ್ವಾಲ್ಡ್ ಏವರಿ, ಮ್ಯಾಕ್‌ಲಿಯೋಡ್ ಮತ್ತು ಮೆಕಾರ್ಟಿ ಅವರಿಂದ. ಒಂದು ಬ್ಯಾಕ್ಟೀರಿಯಾದ ಗುಣವನ್ನು ಇನ್ನೊಂದಕ್ಕೆ ದಾಟಿಸುವ ವಸ್ತು ಯಾವುದು ಎಂಬುದು ಅವರ ಪ್ರಶ್ನೆ. ಪ್ರೋಟೀನ್ ಒಡೆಯುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಹಾಕಿದರು. ಗುಣ ದಾಟುವುದು ನಿಲ್ಲಲಿಲ್ಲ. ಆರ್‌ಎನ್‌ಎ ಒಡೆಯುವ ಕಿಣ್ವ ಹಾಕಿದರು; ಆಗಲೂ ನಿಲ್ಲಲಿಲ್ಲ. ಡಿಎನ್‌ಎ ಒಡೆಯುವ ಕಿಣ್ವ ಹಾಕಿದಾಗ ನಿಂತಿತು. ಮೀಷರ್ ಅಡುಗೆಮನೆಯಲ್ಲಿ ಕೇಳಿದ್ದ ಅದೇ ಬಗೆಯ ಪ್ರಶ್ನೆ, 75 ವರ್ಷದ ನಂತರ, ಇನ್ನಷ್ಟು ಹರಿತವಾದ ಕಿಣ್ವಗಳೊಂದಿಗೆ. ಇವತ್ತಿಗೂ ಮಕ್ಕಳ ವರ್ಣತಂತು ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಗಾಜಿನ ಪಟ್ಟಿಯ ಮೇಲಿನ ವರ್ಣತಂತುಗಳಿಗೆ ಸ್ವಲ್ಪ ಹೊತ್ತು ಟ್ರಿಪ್ಸಿನ್ ಮುಟ್ಟಿಸಿ, ಆಮೇಲೆ ಗೀಮ್ಸಾ ಬಣ್ಣ ಹಾಕುತ್ತಾರೆ. ಆಗ ಪ್ರತಿ ವರ್ಣತಂತುವಿನ ಮೇಲೂ ಅದರದೇ ಆದ ಪಟ್ಟೆಗಳು ಮೂಡುತ್ತವೆ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ 21ನೇ ವರ್ಣತಂತು ಒಂದು ಹೆಚ್ಚಿದೆ ಎಂದು ಹೀಗೆ ಗುರುತಿಸುತ್ತಾರೆ.

ಮನೆಯಲ್ಲೇ ಮಾಡಿ ನೋಡಬೇಕೆನ್ನುವವರಿಗೆ ಒಂದು ಸುಲಭ ದಾರಿ ಇದೆ. ಈರುಳ್ಳಿಯನ್ನು ಸಣ್ಣಗೆ ಅರೆದು, ಚಿಟಿಕೆ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ, ನೀರು ಹಾಕಿ ಮೆಲ್ಲಗೆ ಕಲಸಿ ಸೋಸಿ. ಅದಕ್ಕೆ ಒಂದು ಚಮಚ ತಾಜಾ ಅನಾನಸ್ ರಸ ಹಾಕಿ. ಅದರಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ. ಸ್ವಲ್ಪ ಹೊತ್ತು ಬಿಟ್ಟು, ಲೋಟದ ಬದಿಯಿಂದ ತಣ್ಣನೆಯ ಸ್ಪಿರಿಟ್ ಇಳಿಬಿಡಿ. ಹತ್ತಿರ ಬೆಂಕಿ ಬೇಡ. ಎರಡೂ ಸೇರುವ ಕಡೆ ಬಿಳಿ ನೂಲಿನಂಥ ಎಳೆಗಳು ತೇಲುತ್ತವೆ. ಅದರಲ್ಲಿ ಇರುವುದು ಈರುಳ್ಳಿಯ ಡಿಎನ್‌ಎ.

ಮೀಷರ್ ಬದುಕಿನಿಂದ ನಾನು ತೆಗೆದುಕೊಂಡದ್ದು ತಾಳ್ಮೆಯೊಂದನ್ನೇ ಅಲ್ಲ. ಆತನ ಸಂಕೋಚ ಆತನಿಗೆ ನಷ್ಟ ತಂದಿತು ಎನ್ನುವುದೂ ನಿಜ. ಬದುಕಿದ್ದಾಗ ಪ್ರಕಟಿಸಿದ್ದು ಕೆಲವೇ ಪ್ರಬಂಧ. ಮಾಡಿದ್ದನ್ನು ಜೋರಾಗಿ ಹೇಳಿಕೊಳ್ಳಲಿಲ್ಲ, ಜನರ ಬಾಯಲ್ಲಿ ಉಳಿದದ್ದು ಬೇರೆಯವರ ಹೆಸರು. ಹಳ್ಳಿಯಿಂದ ಬಂದ ನಮ್ಮಲ್ಲಿ ಬಹಳ ಮಂದಿಗೆ ಇದೇ ತೊಂದರೆ. ಲ್ಯಾಬಿನಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ನಾವು ಕಲಿತ ಕೆಲಸವನ್ನು ಸಂದರ್ಶನದಲ್ಲಿ ಕೇಳಿದರೂ ಹೇಳಲು ನಾಚಿಕೊಳ್ಳುತ್ತೇವೆ. ಹಂಗಾಮಿ ಕೆಲಸ ಎಂದು ನಾವೇ ಅದನ್ನು ಲೆಕ್ಕದಿಂದ ತೆಗೆದುಬಿಡುತ್ತೇವೆ. ನಾನೀಗ ಲ್ಯಾಬಿನಲ್ಲಿ ದಿನವೂ ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಎಷ್ಟು ಸಸಿ ನೋಡಿದೆ, ಎಷ್ಟು ಸರಿಬಂತು, ಯಾವುದು ಕೆಟ್ಟಿತು, ಎಲ್ಲವನ್ನೂ. ಪಟ್ಟಿಯಲ್ಲಿ ಹೆಸರು ಬರಲಿ, ಬಿಡಲಿ, ಆ ಪುಟಗಳು ನನ್ನವೇ.

ಟ್ಯೂಬಿಂಗನ್ ಕೋಟೆಯ ಆ ಅಡುಗೆಮನೆ ಈಗ ವಸ್ತುಸಂಗ್ರಹಾಲಯ. ಸಾಲ್ಮನ್ ವೀರ್ಯದಿಂದ ಮೀಷರ್ ತೆಗೆದ ನ್ಯೂಕ್ಲೀನ್ ಇರುವ ಒಂದು ಪುಟ್ಟ ಗಾಜಿನ ಕೊಳವೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದಿದೆ. ಒಳಗಿರುವುದು ಏನು ಎಂದು ಹೇಳುವ ಚೀಟಿ ಅದರ ಮೇಲೆ ಇದೆ. ಗೆಳೆಯರೇ, ನೀವು ಮಾಡಿದ ಕೆಲಸದ ಮೇಲೂ ಒಂದು ಚೀಟಿ ಅಂಟಿಸಿಡಿ: ಏನು, ಎಂದು, ಯಾರು ಮಾಡಿದ್ದು ಎಂದು.